ಪರದೆಗೆ ಬಾಯಿ ಬಂದ ಕಥೆ

ಪುಣೆಯಲ್ಲಿ ಬೆಳೆದ ಟಿ. ವಿ. ರಾಮನ್ ಗ್ಲಾಕೋಮಾದಿಂದಾಗಿ 14ನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡರು. ಗಣಿತದ ನಂಟನ್ನು ಮಾತ್ರ ಬಿಡಲಿಲ್ಲ. ಪುಣೆಯಲ್ಲೇ ಪದವಿ ಮುಗಿಸಿ, ಮುಂಬಯಿಯ ಪವಯಿಯಲ್ಲಿರುವ ಐಐಟಿಗೆ ಬಂದು ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಇಂದು ಅಂಧರು ಕಂಪ್ಯೂಟರನ್ನೂ ಮೊಬೈಲನ್ನೂ ಸಲೀಸಾಗಿ ಬಳಸುತ್ತಿರುವುದರ ಹಿಂದೆ ಪವಯಿಯಲ್ಲಿ ಓದಿದ ಈ ವ್ಯಕ್ತಿಯ ಪಾಲು ದೊಡ್ಡದು. ಆ ಕಥೆಯ ಆರಂಭ ಮಾತ್ರ ಇನ್ನೂ ಹಿಂದಿನದು.

1960ರ ದಶಕದಲ್ಲಿ ಕಂಪ್ಯೂಟರಿಗೆ ಪರದೆ ಇರುವುದೇ ಅಪರೂಪ. ಉತ್ತರವೆಲ್ಲ ಲೈನ್ ಪ್ರಿಂಟರ್‌ನಿಂದ ಕಾಗದದ ಮೇಲೆ ಬರುತ್ತಿತ್ತು. ಅಂಧ ಪ್ರೋಗ್ರಾಮರುಗಳಿಗಾಗಿ ಆ ಪ್ರಿಂಟರಿನಿಂದಲೇ ಬ್ರೈಲ್ ಹೊರಡಿಸುವ ಉಪಾಯ ಹುಟ್ಟಿತು. ಕಾಗದದ ಹಿಂದೆ ಮೆತ್ತನೆಯ ರಬ್ಬರ್ ಪಟ್ಟಿ ಇಟ್ಟು, ಬೇರೆ ಯಾವ ಅಕ್ಷರವನ್ನೂ ಹೊಡೆಸದೆ ಬರೀ ಪೂರ್ಣವಿರಾಮದ ಚುಕ್ಕಿಯನ್ನು ಹೊಡೆಸುವುದು. ಚುಕ್ಕಿ ಬಿದ್ದಲ್ಲೆಲ್ಲ ಕಾಗದದ ಹಿಂಬದಿಯಲ್ಲಿ ಸಣ್ಣ ಉಬ್ಬು ಏಳುತ್ತಿತ್ತು. ಹಾಳೆಯನ್ನು ಮಗುಚಿ ಓದಬೇಕಾದ್ದರಿಂದ ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಬೇಕಿತ್ತು. ಆ ಲೆಕ್ಕಾಚಾರವನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತಿತ್ತು.

ಮುಂದೆ ಬಂದದ್ದು ಆಪ್ಟಕಾನ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಂಜಿನಿಯರ್ ಜಾನ್ ಲಿನ್‌ವಿಲ್ ತಮ್ಮ ಅಂಧ ಮಗಳು ಕ್ಯಾಂಡಿಗಾಗಿ ರೂಪಿಸಲು ಹೊರಟ ಈ ಯಂತ್ರ 1971ರಲ್ಲಿ ಮಾರುಕಟ್ಟೆಗೆ ಬಂತು. ಬಲಗೈಯಲ್ಲಿ ಪುಟ್ಟ ಕ್ಯಾಮೆರಾ ಹಿಡಿದು ಮುದ್ರಿತ ಸಾಲಿನ ಮೇಲೆ ಸರಿಸಬೇಕು, ಎಡಗೈಯ ತೋರುಬೆರಳನ್ನು ಯಂತ್ರದ ಗೂಡಿನೊಳಗೆ ಇಡಬೇಕು. ಅಲ್ಲಿ 24 ಸಾಲು, 6 ಕಂಬಗಳಲ್ಲಿ ನಿಂತ 144 ಸೂಕ್ಷ್ಮ ಕಡ್ಡಿಗಳು ಅಕ್ಷರದ ಆಕಾರಕ್ಕೆ ತಕ್ಕಂತೆ ಕಂಪಿಸುತ್ತಿದ್ದವು. ಪರದೆಯನ್ನು ಓದಲೆಂದೇ ಬೇರೊಂದು ಲೆನ್ಸ್ ಕೂಡ ಸಿಗುತ್ತಿತ್ತು. ಓದಿನ ವೇಗ ಮಾತ್ರ ಕಡಿಮೆ. ಬಳಕೆ ಕೈಹತ್ತಲು ಬಹಳ ದಿನದ ಅಭ್ಯಾಸ ಬೇಕಿತ್ತು.

1976ರಲ್ಲಿ ರೇ ಕುರ್ಜ್‌ವೈಲ್ ಮುದ್ರಿತ ಪುಟವನ್ನು ತಾನೇ ಓದಿ ಹೇಳುವ ಯಂತ್ರ ತಂದರು. ಮೊದಲ ಗಿರಾಕಿಗಳಲ್ಲಿ ಅಂಧ ಗಾಯಕ ಸ್ಟೀವಿ ವಂಡರ್ ಒಬ್ಬರು. ಅಂಥ ಯಂತ್ರ ಕೊಳ್ಳುವುದು ಎಲ್ಲರ ಕೈಲಾಗುವ ಮಾತಾಗಿರಲಿಲ್ಲ.

1980ರ ದಶಕದಲ್ಲಿ ಪರ್ಸನಲ್ ಕಂಪ್ಯೂಟರ್ ಬಂದಾಗ ಅಂಧರಿಗೆ ಒಂದು ಅನುಕೂಲ ಅಯಾಚಿತವಾಗಿ ಒದಗಿತು. ಡಾಸ್ ಕಾಲದ ಪರದೆಯಲ್ಲಿ 25 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 2,000 ಮನೆಗಳು. ಯಾವ ಮನೆಯಲ್ಲಿ ಯಾವ ಅಕ್ಷರ, ಯಾವ ಬಣ್ಣ ಎಂಬುದೆಲ್ಲ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಗೊತ್ತಾದ ಜಾಗದಲ್ಲಿರುತ್ತಿತ್ತು. ಅಲ್ಲಿಗೆ ಇಣುಕಿ, ಸಿಕ್ಕ ಅಕ್ಷರಗಳನ್ನು ಮಾತಾಡಿಸುವ ಸಾಧನಕ್ಕೆ ಕಳಿಸಿದರೆ ಪರದೆ ಬಾಯಿಬಿಡುತ್ತಿತ್ತು. ಮೆನುವಿನಲ್ಲಿ ಆಯ್ಕೆಯಾದ ಸಾಲು ಯಾವುದೆಂದು ತಿಳಿಯಲೂ ಕಷ್ಟವಿರಲಿಲ್ಲ. ಬಣ್ಣ ಬದಲಾದ ಸಾಲನ್ನು ಹುಡುಕಿದರೆ ಸಾಕು. ಐಬಿಎಂನಲ್ಲಿ ಜಿಮ್ ಥ್ಯಾಚರ್ ತಮ್ಮ ಅಂಧ ಸಹೋದ್ಯೋಗಿ, ಗಣಿತಜ್ಞ ಜೆಸ್ಸಿ ರೈಟ್ ಜೊತೆಗೂಡಿ ಇಂಥ ಸ್ಕ್ರೀನ್ ರೀಡರ್ ಸಿದ್ಧಪಡಿಸಿದರು. ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಮೋಟಾರ್‌ಸೈಕಲ್ ರೇಸರ್ ಟೆಡ್ ಹೆಂಟರ್ ಅವರ ಕಂಪನಿಯಿಂದ 1989ರಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರ್ ಬಂತು.

ಅಷ್ಟರಲ್ಲಿ ಚಿತ್ರಗಳ ಕಾಲ ಬಂತು. ಮ್ಯಾಕಿಂಟಾಷ್ ಮತ್ತು ವಿಂಡೋಸ್ ಪರದೆಯಲ್ಲಿ ಅಕ್ಷರಗಳ ಮನೆಗಳೇ ಇಲ್ಲ, ಇರುವುದು ಬಣ್ಣದ ಚುಕ್ಕಿಗಳು ಮಾತ್ರ. ಮೆಮೊರಿಗೆ ಇಣುಕಿದರೆ ಓದಲು ಏನೂ ಸಿಗದು. ಕಣ್ಣಿದ್ದವರಿಗೆ ಸುಲಭವಾಗಲೆಂದು ತಂದ ವ್ಯವಸ್ಥೆ ಅಂಧರ ಕೈಯಿಂದ ಕಂಪ್ಯೂಟರನ್ನೇ ಕಿತ್ತುಕೊಳ್ಳುವಂತಿತ್ತು. ಆಗ ಸ್ಕ್ರೀನ್ ರೀಡರ್ ತಯಾರಕರು ಒಂದು ದಾರಿ ಹುಡುಕಿದರು: ‘ಇಲ್ಲಿ ಈ ಪದ ಬರೆ’ ಎಂಬ ಅಪ್ಪಣೆ ಚುಕ್ಕಿಗಳಾಗಿ ಕರಗುವ ಮುಂಚೆಯೇ ಅದನ್ನು ನಡುದಾರಿಯಲ್ಲಿ ಕೇಳಿಸಿಕೊಂಡು ಪಟ್ಟಿ ಬರೆದಿಟ್ಟುಕೊಳ್ಳುವುದು. ಮ್ಯಾಕಿಂಟಾಷ್‌ಗೆ ಔಟ್‌ಸ್ಪೋಕನ್ 1989ರಲ್ಲೇ ಬಂತು, ವಿಂಡೋಸ್‌ಗೆ ಜಾಸ್ 1995ರಲ್ಲಿ.

ಕಾರ್ನೆಲ್‌ನಲ್ಲಿ ಪಿಎಚ್.ಡಿ.ಗೆ ಸೇರಿದ್ದ ರಾಮನ್ ಬಳಸುತ್ತಿದ್ದುದು ಥ್ಯಾಚರ್ ಅವರ ಸ್ಕ್ರೀನ್ ರೀಡರನ್ನೇ. ಪರದೆಯ ಮೇಲಿನದನ್ನು ಹಾಗೆಹಾಗೇ ಒದರಿದರೆ ಸಾಲದು ಎಂಬುದು ಅವರ ತಕರಾರು. ‘ಎ ಪ್ಲಸ್ ಬಿ ಬೈ ಸಿ’ ಎಂದು ಕೇಳಿದಾಗ ಸಿಯಿಂದ ಭಾಗಿಸಬೇಕಾದ್ದು ಬಿಯನ್ನು ಮಾತ್ರವೋ, ಇಡೀ ಮೊತ್ತವನ್ನೋ? ಕಣ್ಣು ಗೆರೆಯ ಉದ್ದ ನೋಡಿ ತಿಳಿಯುತ್ತದೆ, ಕಿವಿಗೆ ಆ ಗೆರೆಯಿಲ್ಲ. ರಾಮನ್ ತಮ್ಮ ಸಂಶೋಧನೆಯ ಭಾಗವಾಗಿ ಗಣಿತವನ್ನು ಧ್ವನಿಯ ಏರಿಳಿತದಲ್ಲಿ ಓದುವ ತಂತ್ರಾಂಶ ರಚಿಸಿದರು. ಘಾತಾಂಕ ಬಂದರೆ ಸ್ವರ ಮೇಲೇರುತ್ತದೆ. ಅದಕ್ಕೆ ಆಸ್ಟರ್ ಎಂಬ ಹೆಸರು ಬಂದದ್ದು ಅವರಿಗೆ ದಾರಿ ತೋರುತ್ತಿದ್ದ ನಾಯಿಯಿಂದ. ಆ ಪಿಎಚ್.ಡಿ. ಪ್ರಬಂಧಕ್ಕೆ ಕಂಪ್ಯೂಟರ್ ವಿಜ್ಞಾನಿಗಳ ಸಂಘವಾದ ಎಸಿಎಂನ 1994ರ ಪ್ರಶಸ್ತಿ ಬಂತು.

1995ರಲ್ಲಿ ಅವರು ಇಮ್ಯಾಕ್‌ಸ್ಪೀಕ್ ಎಂಬ ಮಾತಾಡುವ ತಂತ್ರಾಂಶ ಹೊರತಂದರು. ಕ್ಯಾಲೆಂಡರಿನ ಒಂದು ಅಂಕಿಯ ಮೇಲೆ ಕರ್ಸರ್ ನಿಂತರೆ ಹಳೆಯ ಸ್ಕ್ರೀನ್ ರೀಡರ್ ‘1’ ಎಂದು ಸುಮ್ಮನಾಗುತ್ತಿತ್ತು. ಇದು ‘ಸೋಮವಾರ, ಮೇ 1, 1995’ ಎನ್ನುತ್ತದೆ. ಮುಂದೆ ಗೂಗಲ್ ಸೇರಿದ ರಾಮನ್, ಚಾರ್ಲ್ಸ್ ಚೆನ್ ಜೊತೆ ಆಂಡ್ರಾಯ್ಡ್ ಫೋನನ್ನು ನೋಡದೆಯೇ ಬಳಸುವ ವ್ಯವಸ್ಥೆ ರೂಪಿಸಿದರು. ಆ ಫೋನುಗಳ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಬೆಳೆದದ್ದು ಅಲ್ಲಿಂದ. ಇತ್ತ ಕಂಪ್ಯೂಟರಿಗೆ, ದುಡ್ಡು ಕೊಡದೆ ಪಡೆಯಬಹುದಾದ ಸ್ಕ್ರೀನ್ ರೀಡರ್ ಎನ್‌ವಿಡಿಎ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ಅದರೊಡನೆ ಬರುವ, ಪಠ್ಯವನ್ನು ಮಾತಾಗಿಸುವ ಇಸ್ಪೀಕ್‌ಗೆ ಕನ್ನಡವೂ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಪಠ್ಯವನ್ನು ಮಾತಾಗಿಸುವ ತಂತ್ರಾಂಶವನ್ನೂ, ಮುದ್ರಿತ ಕನ್ನಡ ಪುಟವನ್ನು ಪಠ್ಯವಾಗಿಸುವ ‘ಲಿಪಿ ಜ್ಞಾನಿ’ಯನ್ನೂ ಸಿದ್ಧಪಡಿಸಿದೆ.

ಇಷ್ಟಾದರೂ ಕನ್ನಡದ ಎಷ್ಟೋ ಕಡತಗಳ ಮುಂದೆ ಸ್ಕ್ರೀನ್ ರೀಡರ್ ತಡವರಿಸುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿ ನೋಡಿ. ಪರದೆಯಲ್ಲಿ ಕನ್ನಡವೇ ಕಾಣುತ್ತದೆ. ಕಡತದೊಳಗೆ ಇರುವುದು ಬೇರೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಲಿಪಿಯ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಕನ್ನಡದ ಅಕ್ಷರ ಒಂದೂ ಇಲ್ಲ, ಅದರ ವೇಷ ಮಾತ್ರ ಇದೆ. ವೇಷ ಕಾಣದ ಸ್ಕ್ರೀನ್ ರೀಡರ್ ಒಳಗಿನ ಪಿ, ಕ್ಯೂಗಳನ್ನೇ ಓದುತ್ತದೆ. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತು. ಯೂನಿಕೋಡ್‌ನಲ್ಲಿ ಬರೆದದ್ದನ್ನು ಯಂತ್ರ ಸರಿಯಾಗಿಯೇ ಓದುತ್ತದೆ.

ಹೊರನಾಡಿನ ಕನ್ನಡ ಸಂಘಗಳ ಆಮಂತ್ರಣ ಈಗ ಬರುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ, ಅದೂ ಬಣ್ಣದ ಚಿತ್ರವಾಗಿ. ಟಾಕ್‌ಬ್ಯಾಕ್ ಬಳಸುವ ಸದಸ್ಯರಿಗೆ ಕೆಲವೊಮ್ಮೆ ಅಲ್ಲೊಂದು ಚಿತ್ರವಿದೆ ಎಂಬುದಷ್ಟೇ ತಿಳಿಯುತ್ತದೆ. ನೆರೂಳದ ರಾಜ್ಯೋತ್ಸವವಿರಲಿ, ಡೊಂಬಿವಲಿಯ ನಾಟಕವಿರಲಿ, ಮುಂದಿನ ಸಲ ಚಿತ್ರದ ಕೆಳಗೆ ದಿನ, ವೇಳೆ, ಸ್ಥಳವನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿ. ಸ್ಮರಣ ಸಂಚಿಕೆಯ ಪಿಡಿಎಫ್ ಜೊತೆಗೆ ಅದರ ಯೂನಿಕೋಡ್ ಪ್ರತಿಯೊಂದನ್ನೂ ಇಡಲು ಡಿಟಿಪಿಯವರಿಗೆ ಹೇಳಿ.