ಡ್ರಿಲ್ಲಿಂಗ್ ಮಷೀನ್ ಮುಂದೆ ಗ್ಲೌಸ್ ಯಾಕೆ ಹಾಕಬಾರದು?

ಫಸ್ಟ್ ಇಯರ್ ಫಿಟ್ಟಿಂಗ್ ಮಾಡಿ ಅಂಗೈ ತುಂಬಾ ಬೊಬ್ಬೆ ಬಂದಿತ್ತು. ಅದಕ್ಕೇ ಥರ್ಡ್ ಸೆಮ್ ಮಷೀನ್ ಶಾಪ್‌ಗೆ ನಾನು ದೊಡ್ಡ ಬುದ್ಧಿವಂತನ ಹಾಗೆ ಕಾಟನ್ ಗ್ಲೌಸ್ ತಗೊಂಡು ಹೋದೆ. ಡ್ರಿಲ್ಲಿಂಗ್ ಮಷೀನ್ ಹತ್ತಿರ ನಿಂತಿದ್ದೇ ತಡ, ಇನ್‌ಸ್ಟ್ರಕ್ಟರ್ ದೂರದಿಂದಲೇ ಕೂಗಿದರು: "ಏಯ್, ಮೊದಲು ಗ್ಲೌಸ್ ಬಿಚ್ಚಪ್ಪಾ!"

ಕೈ ಕಾಪಾಡೋಕೆ ಇರೋದನ್ನೇ ಬಿಚ್ಚು ಅಂತಾರಲ್ಲ ಅನ್ನಿಸಿತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಸ್ಪಿಂಡಲ್ 900 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಸೆಕೆಂಡಿಗೆ 15 ಸುತ್ತು. ಏನೋ ಆಯ್ತು ಅಂತ ಗೊತ್ತಾಗಿ ನಾವು ಕೈ ಎಳೆದುಕೊಳ್ಳೋಕೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ 3 ಸುತ್ತು ಮುಗಿದಿರುತ್ತೆ. 40 ಮಿ.ಮೀ. ವ್ಯಾಸದ ಚಕ್ ಆದರೆ ಸುಮಾರು 38 ಸೆಂ.ಮೀ. ಬಟ್ಟೆ ಸುತ್ತಿಕೊಳ್ಳಬಹುದು. ಅಷ್ಟು ಉದ್ದದ ಗ್ಲೌಸ್ ಯಾರ ಹತ್ತಿರವೂ ಇಲ್ಲ, ಉಳಿದಿದ್ದು ಕೈಯೇ. ಬರೀ ಕೈ ತಗುಲಿದರೆ ಚರ್ಮ ಕಿತ್ತು ಹೊಲಿಗೆ ಬೀಳಬಹುದು, ಗ್ಲೌಸ್ ಸಿಕ್ಕಿಕೊಂಡರೆ ಬೆರಳನ್ನೇ ಎಳೆದುಕೊಂಡು ಹೋಗುತ್ತೆ.

ಉಂಗುರ, ಕಡಗ, ಕೈಗೆ ಕಟ್ಟಿದ ದೇವರ ದಾರ, ಉದ್ದ ತೋಳು, ಬಿಟ್ಟ ಕೂದಲು ಎಲ್ಲಕ್ಕೂ ಇದೇ ಲೆಕ್ಕ. ಐಡಿ ಕಾರ್ಡ್ ಟ್ಯಾಗ್‌ಗೂ! (ಗೇಟಲ್ಲಿ ಅದು ಇಲ್ಲದೆ ಬಿಡಲ್ಲ, ಶಾಪ್‌ನಲ್ಲಿ ಅದು ಇದ್ದರೆ ಬಿಡಲ್ಲ.) ಹಾಗಂತ ಗ್ಲೌಸ್ ಕೆಟ್ಟದ್ದಲ್ಲ. ಶೀಟ್ ಮೆಟಲ್ ಎತ್ತುವಾಗ, ವೆಲ್ಡಿಂಗ್ ಮಾಡುವಾಗ ಬೇಕೇ ಬೇಕು. ತಿರುಗುವ ಮಷೀನ್ ಹತ್ತಿರ ಮಾತ್ರ ಬೇಡ. ಲೇತ್‌ನಿಂದ ಬರುವ ನೀಲಿ ಬಣ್ಣದ ಚಿಪ್ ಸುರುಳಿ ನೋಡೋಕೆ ಚೆಂದ, ಆದರೆ ಬ್ಲೇಡಿನ ಹಾಗೆ ಕುಯ್ಯುತ್ತೆ. ಮಷೀನ್ ನಿಲ್ಲಿಸಿ ಬ್ರಷ್ ಅಥವಾ ಕೊಕ್ಕೆಯಲ್ಲಿ ತೆಗೀಬೇಕು.

ಇದನ್ನೆಲ್ಲ ಮನೆಗೆ ಬಂದು ದೊಡ್ಡದಾಗಿ ಹೇಳಿದಾಗ ನನ್ನ ಸೋದರಮಾವ ಸುಮ್ಮನೆ ನಕ್ಕರು. ಅವರ ಬಲಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ಮುಗಿಯುತ್ತವೆ. ಪೀಣ್ಯದ ಒಂದು ಸಣ್ಣ ಶೆಡ್‌ನಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿದ್ದರು. ಕೀ ಕ್ಲಚ್ ಇರುವ ಹಳೇ ಪ್ರೆಸ್ ಅದು. ಅಂಥದ್ದರಲ್ಲಿ ಸ್ಟ್ರೋಕ್ ಶುರುವಾದರೆ ಮುಗೀತು, ರ‍್ಯಾಮ್ ಕೆಳಗಿಳಿದು ಪೂರ್ತಿ ಮೇಲೆ ಬರೋವರೆಗೂ ನಿಲ್ಲಲ್ಲ. ಎರಡೂ ಕೈ ಡೈಯಿಂದ ದೂರ ಇರಲಿ ಅಂತ ಎರಡು ಬಟನ್ ಕೊಟ್ಟಿದ್ದರು, ಎರಡನ್ನೂ ಒತ್ತಿದರೇ ಹೊಡೆಯೋದು. ಮಾಮ ಒಂದಕ್ಕೆ ಟೇಪ್ ಸುತ್ತಿಟ್ಟಿದ್ದರು.

"ಯಾಕೆ ಮಾಮ?" ಅಂದೆ.

"ಪೀಸ್ ಲೆಕ್ಕದ ಕೆಲಸ ಕಣೋ. ಒಂದು ಕೈ ಫ್ರೀ ಇದ್ರೆ ಬೇಗ ಆಗುತ್ತೆ. ಸೂಪರ್‌ವೈಸರ್‌ಗೂ ಗೊತ್ತಿತ್ತು."

ಅಲ್ಲಿವರೆಗೂ ಕೈಗೆ ಏಟಾಗೋದು ಅಂದ್ರೆ ಅಜಾಗರೂಕತೆ ಅಂತಲೇ ನಾನು ತಿಳಿದಿದ್ದೆ. ಮಾಮನಿಗೆ ರೂಲ್ ಗೊತ್ತಿತ್ತು. ದಿನಕ್ಕೆ ಸಾವಿರಾರು ಸಲ ಅದೇ ಕೆಲಸ ಮಾಡೋವಾಗ ಒಂದು ಸಲ ಕೈ ತಡವಾಗಿ ಹೊರಗೆ ಬಂತು, ಅಷ್ಟೆ. ಹೀಗಿರುವಾಗ "ಎಚ್ಚರಿಕೆಯಿಂದ ಕೆಲಸ ಮಾಡಿ" ಅಂತ ಬೋರ್ಡ್ ಹಾಕಿ ಏನು ಪ್ರಯೋಜನ? ಅಪಾಯದ ಭಾಗಗಳಿಗೆ ಗಾರ್ಡ್ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಬಟನ್ ವಿಷಯಕ್ಕೂ ಉತ್ತರ ಇದೆ. ಎರಡೂ ಬಟನ್ ಅರ್ಧ ಸೆಕೆಂಡ್ ಒಳಗೆ ಒತ್ತಿರಬೇಕು, ಮುಂದಿನ ಸ್ಟ್ರೋಕ್‌ಗೆ ಮೊದಲು ಎರಡನ್ನೂ ಬಿಟ್ಟಿರಬೇಕು. ಹೀಗೆ ಕಂಟ್ರೋಲ್ ಮಾಡಿದರೆ ಟೇಪ್ ಸುತ್ತಿದ ಬಟನ್‌ನಿಂದ ಮಷೀನ್ ಓಡೋದೇ ಇಲ್ಲ. ಈ ಲಾಜಿಕ್ ನಮ್ಮ ಇಸಿ ಹುಡುಗರು ಒಂದು ಲ್ಯಾಬ್ ಪೀರಿಯಡ್‌ನಲ್ಲಿ ಬರೀತಾರೆ. ಪೀಸ್ ರೇಟ್ ಸರಿಮಾಡೋ ಸರ್ಕ್ಯೂಟ್ ಮಾತ್ರ ಯಾವ ಸಿಲಬಸ್‌ನಲ್ಲೂ ಇಲ್ಲ.

ಇನ್ನೊಂದು ವಿಷಯ. ಅವತ್ತು ಮಾಮನ ಬೆರಳಿನ ತುಂಡುಗಳನ್ನು ಜೊತೆಯವರು ನೇರವಾಗಿ ಐಸ್ ಒಳಗೇ ಹಾಕಿ ತಂದಿದ್ದರಂತೆ. ಪ್ರೆಸ್‌ನಲ್ಲಿ ಜಜ್ಜಿದ್ದು, ಹೇಗಿದ್ದರೂ ಕೂಡ್ತಿರಲಿಲ್ಲವೇನೋ. ಆದರೆ ನೀಟಾಗಿ ಕಟ್ ಆದ ಬೆರಳನ್ನು ಮತ್ತೆ ಜೋಡಿಸೋಕೆ ಆಗುತ್ತೆ, ಐಸ್ ನೇರವಾಗಿ ತಾಗಿದರೆ ಅದು ಹಾಳಾಗುತ್ತೆ. ಗಾಯದ ಮೇಲೆ ಶುದ್ಧ ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿ ಇಡಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಗಟ್ಟಿಯಾಗಿ ಕಟ್ಟಿ. ಆ ಕವರನ್ನು ಐಸ್ ಹಾಕಿದ ನೀರಿನಲ್ಲಿ ಇಟ್ಟುಕೊಂಡು ಆದಷ್ಟು ಬೇಗ ಆಸ್ಪತ್ರೆಗೆ ಓಡಿ. ಆಂಬುಲೆನ್ಸ್‌ಗೆ 108.