ನೀರಿಗೆ ಬಗ್ಗದ ಅಲ್ಯೂಮಿನಿಯಂ

ಪೀಣ್ಯದ ಪ್ಲೇಟಿಂಗ್ ಶಾಪುಗಳಲ್ಲಿ ಸತು, ನಿಕ್ಕಲ್, ಕ್ರೋಮ್, ತಾಮ್ರ ಎಲ್ಲಕ್ಕೂ ಬಾತ್ ಇದೆ. ತಾಮ್ರದ್ದನ್ನೇ ನೋಡಿ: ತಾಮ್ರದ ಸಲ್ಫೇಟ್ ಕರಗಿದ ಕಡುನೀಲಿ ನೀರು, ವಿದ್ಯುತ್ ಸರಾಗವಾಗಿ ಹರಿಯಲೆಂದು ಅದಕ್ಕೆ ಬೆರೆಸಿದ ಸಲ್ಫ್ಯೂರಿಕ್ ಆಮ್ಲ, ಬಟ್ಟೆಯ ಚೀಲ ತೊಡಿಸಿದ ಆನೋಡ್, ಎದುರಿಗೆ ಜಿಗ್‌ನಲ್ಲಿ ನೇತಾಡುವ ಜಾಬ್. ರೆಕ್ಟಿಫೈಯರ್ ಹಾಕಿದ ಸ್ವಲ್ಪ ಹೊತ್ತಿಗೆ ಜಾಬ್ ಕೆಂಪಗಾಗುತ್ತದೆ. ವೋಲ್ಟಾ ಬ್ಯಾಟರಿ ಕಂಡುಹಿಡಿದ ಐದೇ ವರ್ಷಕ್ಕೆ, 1805ರಲ್ಲಿ, ಇಟಲಿಯ ಬ್ರುನ್ಯಾಟೆಲ್ಲಿ ಬೆಳ್ಳಿ ಪದಕಗಳಿಗೆ ಚಿನ್ನ ಲೇಪಿಸಿದ್ದು ಇದೇ ವಿದ್ಯೆಯಿಂದ.

ಅಲ್ಯೂಮಿನಿಯಂ ಮಾತ್ರ ಈ ಸಾಲಿಗೆ ಬರಲಿಲ್ಲ. ಅದರ ಅಯಾನು ಎಲೆಕ್ಟ್ರಾನು ಪಡೆಯುವ ಮೊದಲೇ ನೀರು ಒಡೆದು ಹೈಡ್ರೋಜನ್ ಗುಳ್ಳೆಗಳೇಳುತ್ತವೆ. ವಿದ್ಯುತ್ತೆಲ್ಲ ಅಲ್ಲಿಗೇ ಖರ್ಚು. 1886ರಲ್ಲಿ ಹಾಲ್ ಮತ್ತು ಎರೂ ಕರಗಿದ ಕ್ರಯೋಲೈಟಿನಿಂದ ಅಲ್ಯೂಮಿನಿಯಂ ತೆಗೆದರೇನೋ ನಿಜ. ಆದರೆ ಅದು ಸಾವಿರ ಡಿಗ್ರಿಯ ಆಸುಪಾಸಿನ ಕುಲುಮೆ. 660 ಡಿಗ್ರಿಗೇ ಕರಗುವ ಲೋಹ ಅಲ್ಲಿ ಹುಟ್ಟುವುದೇ ದ್ರವವಾಗಿ; ಲೇಪನದ ಮಾತೆಲ್ಲಿ?

ದಾರಿ ತೆರೆದದ್ದು ಅಮೆರಿಕದ ರೈಸ್ ಸಂಸ್ಥೆಯಲ್ಲಿ. ಅಲ್ಯೂಮಿನಿಯಂ ಲೇಪಿಸುವ ಸುಲಭ ಮಾರ್ಗ ಹುಡುಕುತ್ತಿದ್ದ ಹರ್ಲಿ ಮತ್ತು ವೀರ್, ಪಿರಿಡಿನಿಯಂ ಲವಣವನ್ನೂ ಅಲ್ಯೂಮಿನಿಯಂ ಕ್ಲೋರೈಡನ್ನೂ ಬೆರೆಸಿದರು. ಎರಡು ಒಣ ಪುಡಿಗಳು ಕೂಡಿ ದ್ರವವಾದವು. ಹನಿ ನೀರಿಲ್ಲ, ಇಡೀ ಪಾತ್ರೆಯಲ್ಲಿರುವುದು ಬರೀ ಅಯಾನುಗಳು. ಕೋಣೆಯ ಉಷ್ಣತೆಯಲ್ಲೇ ಅದರಿಂದ ಅಲ್ಯೂಮಿನಿಯಂ ಲೇಪಿಸಿ 1951ರಲ್ಲಿ ವರದಿ ಪ್ರಕಟಿಸಿದರು. 12 ಡಿಗ್ರಿಗೇ ಕರಗುವ ಲವಣವೊಂದನ್ನು ಪಾಲ್ ವಾಲ್ಡೆನ್ 1914ರಲ್ಲೇ ವಿವರಿಸಿದ್ದ. ಆದರೂ ಇಂಥ ಅಯಾನಿಕ ದ್ರವವನ್ನು ಕೆಲಸಕ್ಕೆ ಹಚ್ಚಿದ ಶ್ರೇಯ ಈ ಇಬ್ಬರಿಗೇ ಸಲ್ಲಬೇಕು.

ಇಲ್ಲೂ ಆಮ್ಲದ ಆಟವಿದೆ, ಹುಳಿಯ ಆಮ್ಲವಲ್ಲ ಅಷ್ಟೆ. ಅಲ್ಯೂಮಿನಿಯಂ ಕ್ಲೋರೈಡಿನ ಪಾಲು ಅರ್ಧಕ್ಕಿಂತ ಹೆಚ್ಚಾದಾಗ ಎರಡು ಅಲ್ಯೂಮಿನಿಯಂ, ಏಳು ಕ್ಲೋರಿನ್ ಇರುವ ಅಯಾನು ಹುಟ್ಟುತ್ತದೆ. ಲೋಹ ಕೂರುವುದು ಅದರಿಂದ. ಪಾಲು ಕಡಿಮೆಯಾದರೆ ಲೇಪನವೇ ಇಲ್ಲ. ತೇವ ತಗುಲಿದರಂತೂ ಹೈಡ್ರೋಜನ್ ಕ್ಲೋರೈಡ್ ಹೊಗೆಯೇಳುತ್ತದೆ. ಹಾಗಾಗಿ ಒಣ ನೈಟ್ರೋಜನ್ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲೇ ಕೆಲಸ. ಸಣ್ಣ ಶಾಪಿಗೆ ಇದು ಎಟಕುವ ಮಾತಲ್ಲ. ಗಾಳಿ-ನೀರಿಗೆ ಕೆಡದ ಅಯಾನಿಕ ದ್ರವಗಳನ್ನು ವಿಲ್ಕ್ಸ್ ಮತ್ತು ಜಾವರೊಟ್ಕೊ 1992ರಲ್ಲಿ ತಯಾರಿಸಿದರು. ಅಲ್ಯೂಮಿನಿಯಂ ಲೇಪನದ ತೊಡಕು ಅಷ್ಟಕ್ಕೇ ಬಗೆಹರಿಯಲಿಲ್ಲ.

ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಆ್ಯಬಟ್ ತಂಡದ ಕೆಲಸ. ಕೋಳಿ ಆಹಾರಕ್ಕೆ ಸೇರಿಸುವ ಕೋಲಿನ್ ಕ್ಲೋರೈಡ್ ಒಂದು ಪಾಲು, ಗದ್ದೆಗೆ ಎರಚುವ ಯೂರಿಯಾ ಎರಡು ಪಾಲು: ಬೆರೆಸಿದರೆ 12 ಡಿಗ್ರಿಗೇ ಕರಗುವ ಮಿಶ್ರಣ. 2003ರಲ್ಲಿ ಇದನ್ನು ಪ್ರಕಟಿಸಿದ ತಂಡ, ಮರುವರ್ಷ ಕೋಲಿನ್ ಕ್ಲೋರೈಡಿನೊಂದಿಗೆ ಹಸಿರು ಕ್ರೋಮಿಯಂ ಲವಣ ಬೆರೆಸಿ ಕ್ರೋಮ್ ಲೇಪಿಸಿತು. ವಿಷಕಾರಿ ಆರು ವೇಲೆನ್ಸಿಯ ಕ್ರೋಮಿಯಂ ಬೇಕಿಲ್ಲ. ಹಳೆಯ ಕ್ರೋಮ್ ಬಾತಿನಲ್ಲಿ ಹರಿದ ವಿದ್ಯುತ್ತಿನ ಐದನೇ ಒಂದಂಶ ಲೋಹಕ್ಕೆ ಸಂದರೆ ಹೆಚ್ಚು. ಇಲ್ಲಿ ಬಹುಪಾಲು ಸಲ್ಲುತ್ತದೆ. ಅಡ್ಡಿಯೆಂದರೆ ಮಂದತನ. ಅಯಾನುಗಳು ನಿಧಾನ ಚಲಿಸುವುದರಿಂದ ಬಾತನ್ನು ಬಿಸಿಯಾಗಿಡಬೇಕು, ಇಲ್ಲವೇ ತುಸು ನೀರು ಸೇರಿಸಬೇಕು. ಎಷ್ಟರವರೆಗೆ ನೀರು ಸೇರಿಸಿದರೆ ಲೇಪನ ಕೆಡದು ಎಂಬುದೇ ಈಗ ಅಳೆಯುತ್ತಿರುವ ವಿಷಯ.