ರಿಯಾಕ್ಟರ್ ಎಂದರೇನು? ಅದರಿಂದ ನಮಗೇನು ಉಪಯೋಗ?



ಅಣು ಎಂದ ಕೂಡಲೇ ನಮಗೆ ಬಾಂಬ್ ನೆನಪಾಗುತ್ತದೆ. ಆಮೇಲೆ ಕರೆಂಟು. ನಮ್ಮ ರಾಜ್ಯದ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ಅಣುಶಕ್ತಿಯಿಂದ ವಿದ್ಯುತ್ ತಯಾರಿಸುತ್ತವೆ. ಆದರೆ ಕರೆಂಟು ತಯಾರಿಸದ ಇನ್ನೊಂದು ತರಹದ ರಿಯಾಕ್ಟರ್ ಇದೆ. ಅದಕ್ಕೆ ಸಂಶೋಧನಾ ರಿಯಾಕ್ಟರ್ ಎನ್ನುತ್ತಾರೆ.

ನಮ್ಮ ದೇಶದ ಮೊದಲ ರಿಯಾಕ್ಟರಿನ ಹೆಸರು ಅಪ್ಸರಾ. ಮುಂಬಯಿಯ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಅದು ಚಾಲೂ ಆಯಿತು. ಡಾ. ಹೋಮಿ ಭಾಭಾ ಅದರ ಮುಂದಾಳು. ನಮ್ಮ ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ ಅವರೂ ಆ ತಂಡದಲ್ಲಿದ್ದರು. ಅಪ್ಸರಾ ಅಂದರೆ ಒಂದು ನೀರಿನ ಹೊಂಡ. ಉದ್ದ 8.4 ಮೀಟರ್, ಅಗಲ 2.9 ಮೀಟರ್, ಆಳ 8 ಮೀಟರ್. ನೀರಿನೊಳಗೆ ಯುರೇನಿಯಂ ಇಳಿಬಿಟ್ಟಿರುತ್ತಿದ್ದರು. ಕೆಲಸ ನಡೆದಾಗ ನೀರು ನೀಲಿಯಾಗಿ ಹೊಳೆಯುತ್ತಿತ್ತು. ಆ ಬೆಳಕು ನೋಡಿ ನೆಹರೂ ಅವರು ಅಪ್ಸರಾ ಎಂದು ಹೆಸರಿಟ್ಟರು.

ಒಳಗೆ ಏನು ನಡೆಯುತ್ತದೆ?

ನ್ಯೂಟ್ರಾನ್ ಎಂಬ ಸಣ್ಣ ಕಣ ಯುರೇನಿಯಂ ಪರಮಾಣುವಿಗೆ ಬಡಿದರೆ ಅದು ಒಡೆಯುತ್ತದೆ. ಒಡೆದಾಗ ಎರಡು ಮೂರು ಹೊಸ ನ್ಯೂಟ್ರಾನ್‌ಗಳು ಹೊರಬರುತ್ತವೆ. ಅವು ಬೇರೆ ಪರಮಾಣುಗಳನ್ನು ಒಡೆಯುತ್ತವೆ. ಗಾಂಧಿ ಗಂಜದಲ್ಲಿ ತೊಗರಿ ರೇಟು ಏರಿತು ಅಂತ ಒಂದು ಅಡತಿ ಅಂಗಡಿಯಲ್ಲಿ ಯಾರೋ ಅಂದರೆ ಸಾಕು, ಒಬ್ಬರಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ, ಇಡೀ ಗಂಜಕ್ಕೆ ಸುದ್ದಿ ಹಬ್ಬುತ್ತದೆ ನೋಡಿ, ಹಾಗೆ! ಇದೇ ಸರಪಳಿ ಕ್ರಿಯೆ. ತಡೆಯದೆ ಬಿಟ್ಟರೆ ಅಪಾಯ. ಅದಕ್ಕೇ ನ್ಯೂಟ್ರಾನ್ ನುಂಗುವ ಕ್ಯಾಡ್ಮಿಯಂನಂಥ ಲೋಹದ ಸರಳುಗಳನ್ನು ಇಳಿಸಿ, ಎತ್ತಿ ಹತೋಟಿಯಲ್ಲಿ ಇಡುತ್ತಾರೆ.

ಉಪಯೋಗಗಳು

1) ಔಷಧ: ರಿಯಾಕ್ಟರಿನಲ್ಲಿ ಅಯೋಡಿನ್-131 ತಯಾರಾಗುತ್ತದೆ. ಇದು ಥೈರಾಯಿಡ್ ಗ್ರಂಥಿಯ ರೋಗಕ್ಕೆ ಮದ್ದು. ಎಂಟು ದಿನಕ್ಕೆ ಇದರ ಶಕ್ತಿ ಅರ್ಧ ಆಗುತ್ತದೆ. ಆದ್ದರಿಂದ ತಯಾರಿಸಿ ಬಹಳ ದಿನ ಇಡಲು ಬರುವುದಿಲ್ಲ.

2) ಕ್ಯಾನ್ಸರ್ ಚಿಕಿತ್ಸೆ: ಸಾದಾ ಕೋಬಾಲ್ಟ್ ಒಂದು ನ್ಯೂಟ್ರಾನ್ ನುಂಗಿದರೆ ಕೋಬಾಲ್ಟ್-60 ಆಗುತ್ತದೆ. ನಮ್ಮ ದೇಶದಲ್ಲಿ ಇದನ್ನು ಹೆಚ್ಚಾಗಿ ವಿದ್ಯುತ್ ರಿಯಾಕ್ಟರುಗಳಲ್ಲೇ ತಯಾರಿಸುತ್ತಾರೆ. ಇದರ ಗಾಮಾ ಕಿರಣ ಗಡ್ಡೆಯನ್ನು ಸುಡುತ್ತದೆ. ಟ್ರಾಂಬೆಯ ವಿಜ್ಞಾನಿಗಳು ರೂಪಿಸಿದ ಭಾಭಾಟ್ರಾನ್ ಎಂಬ ಇಂಥ ಯಂತ್ರ ಬೆಂಗಳೂರಿನಲ್ಲಿ ತಯಾರಾಗುತ್ತದೆ.

ನಮ್ಮ ಕಡೆ ಇದಕ್ಕೆ "ಕರೆಂಟ್ ಕೊಡೋದು" ಅಂತಾರೆ. ನಮ್ಮ ಓಣಿಯ ದೊಡ್ಡವ್ವ ಒಬ್ಬರು "ಕರೆಂಟ್ ಕೊಡಿಸಿಕೊಂಡ್ರ ನನ್ನ ಮೈಯಾಗ ವಿಷ ಉಳಿತದ, ಮೊಮ್ಮಕ್ಕಳಿಗೆ ತಾಗತದ, ನಾ ಒಲ್ಲೆ" ಅಂತ ಹಟ ಹಿಡಿದಿದ್ದರು. ಡಾಕ್ಟರು, "ಹೊರಗಿಂದ ಬಂದ ಕಿರಣ ಮೈಯಾಗ ಉಳಿಯಂಗಿಲ್ಲ ಆಯಿ, ಮನಿಗಿ ಹೋಗಿ ಮೊಮ್ಮಕ್ಕಳನ್ನ ಎತ್ತಿಕೊಳ್ರಿ" ಎಂದು ತಿಳಿಸಿ ಹೇಳಿದ ಮೇಲೆ ಒಪ್ಪಿಕೊಂಡರು. ಆದರೆ ಅಯೋಡಿನ್ ಔಷಧ ಹೊಟ್ಟೆಗೆ ತೆಗೆದುಕೊಂಡವರು ಮಾತ್ರ ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಬೇಕು. ಎರಡೂ ಒಂದೇ ಅಲ್ಲ.

3) ಬೀಜ: ಬೀಜಕ್ಕೆ ವಿಕಿರಣ ತಾಗಿಸಿದರೆ ಕೆಲವು ಗಿಡಗಳ ಗುಣ ಬದಲಾಗುತ್ತದೆ. ಒಳ್ಳೆಯ ಗಿಡ ಆರಿಸಿ ಹೊಸ ತಳಿ ಮಾಡುತ್ತಾರೆ. 1985ರಲ್ಲಿ ಬಂದ ಟಿ.ಎ.ಯು.-1 ಉದ್ದು ಇಂಥದ್ದು. ಟಿ ಅಂದರೆ ಟ್ರಾಂಬೆ, ಎ ಅಂದರೆ ಅಕೋಲಾ, ಯು ಅಂದರೆ ಉದ್ದು. ನಮ್ಮ ಬೀದರ ಜಿಲ್ಲೆಯ ರೈತರೂ ಇದನ್ನು ಬಿತ್ತುತ್ತ ಬಂದಿದ್ದಾರೆ. ಈ ಉದ್ದಿನಲ್ಲಿ ವಿಕಿರಣ ಇರುವುದಿಲ್ಲ, ತಿನ್ನಲು ಹೆದರಬೇಕಿಲ್ಲ.

4) ಒಳಗಿನ ಚಿತ್ರ: ಎಕ್ಸ್‌ರೇ ಸೀಸದಲ್ಲಿ ತೂರುವುದು ಕಷ್ಟ. ನ್ಯೂಟ್ರಾನ್ ಸೀಸದೊಳಗೂ ತೂರಿ ಅದರ ಹಿಂದಿನ ನೀರು, ಎಣ್ಣೆಯನ್ನು ತೋರಿಸುತ್ತದೆ. ರಾಕೆಟ್ಟಿನ ಭಾಗಗಳನ್ನು ಕಲ್ಪಾಕ್ಕಂನ ಕಾಮಿನಿ ರಿಯಾಕ್ಟರಿನಲ್ಲಿ ಹೀಗೆ ಪರೀಕ್ಷಿಸಿದ್ದಾರೆ.

ಇನ್ನೊಂದು ಮಾತನ್ನೂ ಹೇಳಬೇಕು. 1974ರ ಪೋಖ್ರಾನ್ ಸ್ಫೋಟಕ್ಕೆ ಬೇಕಾದ ಪ್ಲುಟೋನಿಯಂ ಬಂದದ್ದು ಟ್ರಾಂಬೆಯ ಸೈರಸ್ ಎಂಬ ಸಂಶೋಧನಾ ರಿಯಾಕ್ಟರಿನಿಂದಲೇ. ಅಂದರೆ ರಿಯಾಕ್ಟರ್ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಸೈರಸ್ 2010ರಲ್ಲಿ ಮುಚ್ಚಿತು. ಹಳೆಯ ಅಪ್ಸರಾ ಕೂಡ ನಿಂತಿತು. ಅದರ ಜಾಗದಲ್ಲಿ 2018ರ ಸೆಪ್ಟೆಂಬರ್ 10ರಂದು 2 ಮೆಗಾವ್ಯಾಟಿನ ಹೊಸ ಅಪ್ಸರಾ ಶುರುವಾಗಿದೆ.

ಗೆಳೆಯರೇ, ಇದನ್ನು ಓದಿ ಮನೆಯಲ್ಲಿ ಹಿರಿಯರಿಗೆ ಹೇಳಿರಿ. ಯಾರಾದರೂ ಹೆದರಿ ಆಸ್ಪತ್ರೆಗೆ ಹೋಗದೆ ಕುಳಿತಿದ್ದರೆ, ಮೊದಲು ಡಾಕ್ಟರನ್ನು ಕೇಳಿ ಎನ್ನಿರಿ.

– 7ನೇ ತರಗತಿ